ಕಾರ್ನರ್‌ನಲ್ಲಿ ಅಪ್ಪ ಇಲ್ಲದ ದಿನ

ನಮ್ಮ ಮನೆಯ ಟೆರೇಸ್ ಮೆಟ್ಟಿಲ ಪಕ್ಕ ಗೋಡೆಯಲ್ಲಿ ಒಂದು ಮೊಳೆ ಇದೆ. ಅದರಲ್ಲಿ ಎರಡು ಬಾಕ್ಸಿಂಗ್ ಪ್ಯಾಡ್ ನೇತಾಡುತ್ತಿವೆ, ಕಲಿಸುವವರು ಕೈಗೆ ಹಾಕಿಕೊಂಡು ಹೊಡೆತ ತಡೆಯುವಂಥವು. ಒಂದರ ಮಧ್ಯದ ರೆಕ್ಸಿನ್ ಕಿತ್ತುಹೋಗಿ ಒಳಗಿನ ಹಳದಿ ಸ್ಪಂಜು ಕಾಣುತ್ತದೆ. ಅದು ಮಗಳ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ಬೀಳುತ್ತಿದ್ದ ಜಾಗ. ಬಸ್‌ಸ್ಟಾಪ್ ಹತ್ತಿರ ಚಪ್ಪಲಿ ಹೊಲಿಯುವವರ ಕೈಲಿ ಎರಡು ಸಲ ಹೊಲಿಸಿದ್ದೆ. ಎರಡು ಸಲವೂ ತಿಂಗಳೊಳಗೆ ಮತ್ತೆ ಕಿತ್ತುಹೋಯಿತು.

ಕಳೆದ ಮಾರ್ಚ್‌ನಿಂದ ಅವು ಅಲ್ಲೇ ಇವೆ. ಮಗಳಿಗೆ ಈಗ ಬೇರೆ ಕೋಚ್ ಇದ್ದಾರೆ.

ನಾನು ವೈರಿಂಗ್ ಕೆಲಸದವನು. ಹನುಮಂತನಗರ, ಶ್ರೀನಗರ, ಬನಶಂಕರಿ ಕಡೆ ಎಷ್ಟೋ ಮನೆಗಳ ಗೋಡೆಯೊಳಗೆ ನಾನು ಎಳೆದ ವೈರ್ ಇದೆ. ಇಪ್ಪತ್ತರ ವಯಸ್ಸಿನಲ್ಲಿ ನಾಲ್ಕು ವರ್ಷ ಬಾಕ್ಸಿಂಗ್ ಆಡಿದ್ದೆ. ರಾಜ್ಯಮಟ್ಟದಲ್ಲಿ ಒಂದು ಬೆಳ್ಳಿ ಬಂತು. ಆಮೇಲೆ ಕೆಲಸ, ಮದುವೆ, ಮನೆ. ಗ್ಲೌಸ್ ಅಟ್ಟ ಸೇರಿತು. ಮಗಳಿಗೆ ಹತ್ತು ತುಂಬಿದಾಗ ಅವಳೇ ಅದನ್ನು ಹುಡುಕಿ ಕೆಳಗಿಳಿಸಿದಳು. ಅಲ್ಲಿಂದ ಎಂಟು ವರ್ಷ, ಬೆಳಗ್ಗೆ ಐದೂವರೆಗೆ, ಸಿಂಟೆಕ್ಸ್ ಟ್ಯಾಂಕ್ ಪಕ್ಕದ ಹತ್ತಡಿ ಜಾಗದಲ್ಲಿ ನಾನು ಅವಳಿಗೆ ಪ್ಯಾಡ್ ಹಿಡಿದೆ.

ಈ ಎಂಟು ವರ್ಷವೂ ನಮ್ಮ ಮನೆಯಲ್ಲಿ ಇನ್ನೊಬ್ಬಳು ಇದ್ದಳು ಅಂತಲೇ ಹೇಳಬೇಕು. ಐರ್ಲೆಂಡಿನ ಬಾಕ್ಸರ್ ಕೇಟಿ ಟೇಲರ್. ವಯಸ್ಸಿನಲ್ಲಿ, ಸಾಧನೆಯಲ್ಲಿ ದೊಡ್ಡವಳು. ಆದರೂ ನಾವು ಕೇಟಿ ಅಂತಲೇ ಕರೆಯೋದು, ಮನೆ ಹುಡುಗಿಯ ಹಾಗೆ. ಅವಳ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಈಗ ಬೆಳಗ್ಗೆ ಹೊತ್ತು ನನ್ನ ಕೈ ಖಾಲಿ ಇದೆ.

ಕೇಟಿಯನ್ನು ನಾನು ಮೊದಲು ನೋಡಿದ್ದು 2012ರ ಆಗಸ್ಟ್‌ನಲ್ಲಿ. ಲಂಡನ್ ಒಲಿಂಪಿಕ್ಸ್. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ ಅದು. ನಾನು ಟಿವಿ ಮುಂದೆ ಕೂತಿದ್ದು ಮೇರಿ ಕೋಮ್‌ಗಾಗಿ. ಆಗಸ್ಟ್ 8ರ ಸೆಮಿಫೈನಲ್‌ನಲ್ಲಿ ಮೇರಿ ಇಂಗ್ಲೆಂಡಿನ ನಿಕೋಲಾ ಆಡಮ್ಸ್ ಎದುರು ಸೋತರು, ಕಂಚು ಬಂತು. ಮಾರನೇ ದಿನ ರಾತ್ರಿ ಊಟದ ಹೊತ್ತಿಗೆ ಸುಮ್ನೆ ಟಿವಿ ಹಾಕಿದೆ. 60 ಕೆಜಿ ತೂಕದವರ ಫೈನಲ್ ನಡೀತಿತ್ತು. ಒಂದು ಕಡೆ ರಷ್ಯಾದ ಸೋಫಿಯಾ ಒಚಿಗಾವಾ, ಇನ್ನೊಂದು ಕಡೆ ಕೇಟಿ. ಎರಡು ಸುತ್ತು ಮುಗಿದಾಗ ಕೇಟಿ ಒಂದು ಪಾಯಿಂಟ್ ಹಿಂದೆ ಇದ್ದಳು. ಮೂರನೇ ಸುತ್ತಿನಲ್ಲಿ ಮುಂದೆ ಬಂದಳು. ಕೊನೆಗೆ 10–8. ಚಿನ್ನ.

ಆದರೆ ನನ್ನ ಕಣ್ಣು ಹೋಗಿದ್ದು ಕಾರ್ನರ್‌ಗೆ, ಅಂದರೆ ಕೋಚ್ ನಿಲ್ಲುವ ರಿಂಗಿನ ಮೂಲೆಗೆ. ಅಲ್ಲಿ ನಿಂತು ಅವಳಿಗೆ ಮಾತು ಹೇಳುತ್ತಿದ್ದವರು ಅವಳ ಅಪ್ಪ ಪೀಟ್ ಟೇಲರ್. ಅವರೂ ಬಾಕ್ಸಿಂಗ್ ಆಡಿದವರು, 1986ರಲ್ಲಿ ಐರ್ಲೆಂಡಿನ ಚಾಂಪಿಯನ್. ಕೇಟಿ ಹುಟ್ಟಿದ್ದೂ ಅದೇ ವರ್ಷ. ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್ ಅಂತ ಆಮೇಲೆ ಓದಿದೆ. ಎಲ್ಲಿಯ ಐರ್ಲೆಂಡ್, ಎಲ್ಲಿಯ ಹನುಮಂತನಗರ! ಆದರೂ ಆ ಒಂದು ಸಾಲು ಓದಿದ ಮೇಲೆ ಅವರು ನನಗೆ ಹೊರಗಿನವರು ಅನ್ನಿಸಲೇ ಇಲ್ಲ. ಮಗಳಿಗೆ ಪ್ಯಾಡ್ ಹಿಡಿದು, ದಿನವಿಡೀ ಬೇರೆಯವರ ಮನೆಯಲ್ಲಿ ಗೋಡೆ ಕೊರೆಯೋದು ಅಂದರೆ ಏನು ಅಂತ ನನಗೆ ಗೊತ್ತು. ಭುಜ ರಾತ್ರಿಯೆಲ್ಲ ಎಳೆಯುತ್ತದೆ.

ಡಬ್ಲಿನ್ ಪಕ್ಕದಲ್ಲಿ ಸಮುದ್ರದ ದಂಡೆಗೆ ಬ್ರೇ ಅಂತ ಒಂದು ಊರು. ಅಲ್ಲಿ ಅಪ್ಪ ನಡೆಸುತ್ತಿದ್ದ ಕ್ಲಬ್‌ನಲ್ಲಿ ಕೇಟಿ ಕಲಿತಳು. ಆಗ ಐರ್ಲೆಂಡಿನಲ್ಲಿ ಹುಡುಗಿಯರು ರಿಂಗಿಗೆ ಇಳಿಯುವ ಹಾಗಿರಲಿಲ್ಲ. ಹಾಗಾಗಿ ಚೀಟಿಯಲ್ಲಿ ಬರೀ ‘ಕೆ. ಟೇಲರ್’ ಅಂತ ಹೆಸರು. ಕೂದಲು ಹೆಡ್‌ಗಾರ್ಡ್ ಒಳಗೆ. ಎದುರಿಗೆ ಹುಡುಗರು. ಬೌಟ್, ಅಂದರೆ ಪಂದ್ಯ, ಮುಗಿದು ಹೆಡ್‌ಗಾರ್ಡ್ ತೆಗೆದಾಗ ಜನಕ್ಕೆ ಗೊತ್ತಾಗುತ್ತಿತ್ತು, ಇಷ್ಟು ಹೊತ್ತು ಆಡಿದ್ದು ಹುಡುಗಿ ಅಂತ. 2001ರಲ್ಲಿ ಐರ್ಲೆಂಡ್ ಮೊದಲ ಸಲ ಹುಡುಗಿಯರ ಬೌಟ್‌ಗೆ ಅಧಿಕೃತ ಒಪ್ಪಿಗೆ ಕೊಟ್ಟಿತು. ಡಬ್ಲಿನ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ ಆ ಬೌಟ್ ಆಡಿದವಳು ಹದಿನೈದರ ಕೇಟಿ.

ನನ್ನ ಮಗಳು ಕೂದಲು ಮುಚ್ಚಿಕೊಳ್ಳಬೇಕಾಗಿ ಬರಲಿಲ್ಲ. ಮೊದಲ ಸಲ ಹುಬ್ಬಿನ ಮೇಲೆ ಊದಿಕೊಂಡು ಬಂದಾಗ ಮನೆಯಲ್ಲಿ ರಾದ್ಧಾಂತ ಆಗುತ್ತದೆ ಅಂದುಕೊಂಡಿದ್ದೆ. ನಮ್ಮ ಅಮ್ಮ ಅರಿಶಿನ ಕಲಸಿ ತಂದು ಹಚ್ಚುತ್ತಾ ಕೇಳಿದ್ದು ಒಂದೇ ಮಾತು: “ಅವಳಿಗೆ ಎಷ್ಟು ಬಿತ್ತು?” ಮಗಳು ಬೆರಳಲ್ಲಿ ಎಣಿಸಿ ಹೇಳಿದಳು. ಅಮ್ಮ ತಲೆಯಾಡಿಸಿ ಒಳಗೆ ಹೋದರು. ಮೇರಿ ಕೋಮ್ ನಮ್ಮ ಮನೆಗಳಿಗೆ ಕೊಟ್ಟಿದ್ದು ಪದಕಕ್ಕಿಂತ ದೊಡ್ಡದು ಅಂತ ನನಗೆ ಅವತ್ತು ಅನ್ನಿಸಿತು.

ಮೇರಿಗೂ ಕೇಟಿಗೂ ಒಂದು ನಂಟಿದೆ. ಕೇಟಿ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು ನಮ್ಮ ದೆಹಲಿಯಲ್ಲಿ, 2006ರ ನವೆಂಬರ್‌ನಲ್ಲಿ. ಅದೇ ಕೂಟದಲ್ಲಿ ಮೇರಿ ಕೋಮ್ ಚಿನ್ನ ಗೆದ್ದರು. ಸರಿತಾ ದೇವಿ, ಕೇರಳದ ಲೇಖಾ, ಮಿಜೋರಾಂನ ಜೆನ್ನಿ ಕೂಡ ಗೆದ್ದರು. ಒಂದೇ ಕೂಟದಲ್ಲಿ ನಮಗೆ ನಾಲ್ಕು ಚಿನ್ನ. ಅದಾದ ಮೇಲೆ ಕೇಟಿ 2008, 2010, 2012, 2014ರಲ್ಲೂ ಗೆದ್ದಳು. ಐದು ವಿಶ್ವ ಚಿನ್ನ, ಒಂದು ಒಲಿಂಪಿಕ್ ಚಿನ್ನ. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬರಬೇಕು ಅಂತ ಒಲಿಂಪಿಕ್ ಸಮಿತಿ ತೀರ್ಮಾನ ಮಾಡಿದ್ದು 2009ರಲ್ಲಿ. ಆ ಹೊತ್ತಿಗೇ ಕೇಟಿ ಎರಡು ಸಲ ವಿಶ್ವ ಚಾಂಪಿಯನ್. ಇದರ ನಡುವೆ ಐರ್ಲೆಂಡ್ ತಂಡಕ್ಕೆ ಫುಟ್‌ಬಾಲ್ ಬೇರೆ ಆಡಿದ್ದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪೇಪರಿನಲ್ಲಿ ‘ವಿಶ್ವ ಚಾಂಪಿಯನ್’ ಅಂತ ಎರಡಕ್ಕೂ ಬರೆಯುತ್ತಾರೆ. ಅಮೆಚೂರ್‌ಗೂ ಅದೇ, ಪ್ರೊಫೆಷನಲ್‌ಗೂ ಅದೇ. ಎರಡರಲ್ಲೂ ರಿಂಗ್ ಇದೆ, ಗ್ಲೌಸ್ ಇದೆ. ಆದರೆ ಆಟ ಬೇರೆ.

ಅಮೆಚೂರ್ ಅಂದರೆ ಕೂಟ. ಕೆಲವೇ ದಿನಗಳಲ್ಲಿ ನಾಲ್ಕೈದು ಬೌಟ್. ಆಡುವ ದಿನ ಬೆಳಗ್ಗೆ ಎದ್ದು ತೂಕ ಕೊಡಬೇಕು. ಬೌಟ್ ಚಿಕ್ಕದು, ಹೆಂಗಸರಿಗೆ ತಲೆಗೆ ಹೆಡ್‌ಗಾರ್ಡ್ ಇರುತ್ತದೆ. ಲಂಡನ್‌ವರೆಗೂ ಪಾಯಿಂಟ್ ಲೆಕ್ಕ ಕಂಪ್ಯೂಟರ್ ಬಟನ್‌ನಲ್ಲಿ ನಡೀತಿತ್ತು. ಹೊಡೆತ ತಾಗಿದ್ದು ಕಂಡರೆ ಜಡ್ಜ್‌ಗಳು ಬಟನ್ ಒತ್ತುತ್ತಿದ್ದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಗೆಲ್ಲಬೇಕಿದ್ದ ಫೈನಲ್ಲನ್ನು ಜಡ್ಜ್‌ಗಳು ಕೊರಿಯಾದವನಿಗೆ ಕೊಟ್ಟ ಮೇಲೆ ಬಂದ ಪದ್ಧತಿ ಇದು. ಇದರಲ್ಲಿ ಎದುರಾಳಿಯನ್ನು ಅಲುಗಾಡಿಸಿದ ಹೊಡೆತಕ್ಕೂ ಒಂದು ಪಾಯಿಂಟ್, ಸುಮ್ನೆ ನೇರವಾಗಿ ತಾಗಿದ ಜ್ಯಾಬ್‌ಗೂ ಒಂದು ಪಾಯಿಂಟ್. ಹಾಗಾದರೆ ಏನು ಮಾಡಬೇಕು? ಒಳಗೆ ನುಗ್ಗು, ತಾಗಿಸು, ಹೊರಗೆ ಬಾ. ಎಲ್ಲವೂ ಕಾಲಿನ ಕೆಲಸ. ಕೇಟಿಯಷ್ಟು ಚೆನ್ನಾಗಿ ಇದನ್ನು ಮಾಡಿದವರು ಕಡಿಮೆ. ನಾನು ಮಗಳಿಗೆ ಕಲಿಸಿದ್ದೂ ಇದನ್ನೇ. ನನಗೆ ಬರುತ್ತಿದ್ದಿದ್ದು ಇದೊಂದೇ.

ಪ್ರೊಫೆಷನಲ್‌ನಲ್ಲಿ ಒಂದೇ ರಾತ್ರಿ, ಒಬ್ಬಳೇ ಎದುರಾಳಿ. ಪಟ್ಟದ ಬೌಟ್ ಅಂದರೆ ಹೆಂಗಸರಿಗೆ ಎರಡು ನಿಮಿಷದ ಹತ್ತು ಸುತ್ತು. ಹೆಡ್‌ಗಾರ್ಡ್ ಇಲ್ಲ. ಬರೀ ತಾಗಿಸಿ ಓಡಿದರೆ ಆರನೇ ಸುತ್ತಿಗೆ ಕಾಲು ಸೋಲುತ್ತದೆ, ಎದುರಿಗಿದ್ದವಳು ನಿನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳೋದಿಲ್ಲ. ನೆಲಕ್ಕೆ ಕಾಲೂರಬೇಕು. ಹೊಟ್ಟೆಗೆ, ಪಕ್ಕೆಗೆ ಭಾರ ಹಾಕಿ ಹೊಡೆಯಬೇಕು. ಅದರ ಫಲ ಆ ಸುತ್ತಿನಲ್ಲಿ ಕಾಣೋದಿಲ್ಲ, ಎಂಟನೇ ಸುತ್ತಿನಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಕಷ್ಟದ್ದು, ಯಾವಾಗ ಸುಮ್ಮನಿರಬೇಕು ಅಂತ ಕಲಿಯೋದು. ಅಮೆಚೂರ್‌ನಲ್ಲಿ ಸುಮ್ಮನಿದ್ದರೆ ಸೋತ ಹಾಗೆ.

ನಮ್ಮಲ್ಲಿ ಒಳ್ಳೆಯ ಅಮೆಚೂರ್‌ಗಳು ಆ ಕಡೆ ಹೋಗೋದು ಕಡಿಮೆ, ಅದಕ್ಕೆ ಕಾರಣ ಬೇರೆ. ಪದಕ ಬಂದರೆ ರೈಲ್ವೆಯಲ್ಲೋ ಸೇನೆಯಲ್ಲೋ ಪೊಲೀಸಿನಲ್ಲೋ ಕೆಲಸ ಸಿಗುತ್ತದೆ. ಆ ಕೆಲಸ ಬಿಟ್ಟು ಹೋಗು ಅಂತ ಯಾವ ಅಪ್ಪ ಹೇಳುತ್ತಾನೆ? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ 2015ರಲ್ಲಿ ಧೈರ್ಯ ಮಾಡಿದರು. ಮಾರನೇ ವರ್ಷ ದೆಹಲಿಯಲ್ಲಿ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದರು. ಅದನ್ನು ನಾನು ದೊಡ್ಡ ಧೈರ್ಯ ಅಂತಲೇ ಎಣಿಸುತ್ತೇನೆ.

ಈಗ 2016ಕ್ಕೆ ಬರುತ್ತೇನೆ. ನನಗೆ ಕೇಟಿಯ ಕಥೆ ನಿಜವಾಗಿ ಶುರುವಾಗೋದು ಅಲ್ಲಿ. ಆ ವರ್ಷ ಅವಳು ಮೂರು ಸಲ ಸೋತಳು. ಏಪ್ರಿಲ್‌ನಲ್ಲಿ ಟರ್ಕಿಯಲ್ಲಿ ನಡೆದ ಒಲಿಂಪಿಕ್ ಅರ್ಹತಾ ಕೂಟದಲ್ಲಿ. ಆಮೇಲೆ ಕಜಕಿಸ್ತಾನದ ವಿಶ್ವಕೂಟದ ಸೆಮಿಫೈನಲ್‌ನಲ್ಲಿ, ಫ್ರಾನ್ಸಿನ ಎಸ್ಟೆಲ್ ಮೊಸ್ಲಿ ಎದುರು. ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ, ಫಿನ್ಲೆಂಡಿನ ಮಿರಾ ಪೊಟ್ಕೊನೆನ್ ಎದುರು. ಹತ್ತು ವರ್ಷ ಚಿನ್ನ ಬಿಟ್ಟು ಬೇರೇನೂ ನೋಡದವಳು ಪದಕವೇ ಇಲ್ಲದೆ ಮನೆಗೆ ಹೋದಳು. ರಿಯೋದಲ್ಲಿ ಅವಳ ಕಾರ್ನರ್‌ನಲ್ಲಿ ಅಪ್ಪ ಇರಲಿಲ್ಲ. ಅವರ ಮನೆಯ ವಿಷಯ ಅವರದು, ಅದರೊಳಗೆ ನಾನು ಹೋಗೋದಿಲ್ಲ. ಆದರೆ ಆ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತಿತ್ತು. ಸುತ್ತಿನ ಮಧ್ಯೆ ಸ್ಟೂಲ್ ಮೇಲೆ ಕೂತು ಅವಳು ಬೇರೆ ಮುಖಗಳನ್ನು ನೋಡುತ್ತಿದ್ದಳು. ಚಿಕ್ಕಂದಿನಿಂದ ಕೇಳಿದ ದನಿ ಅಲ್ಲಿ ಇರಲಿಲ್ಲ.

ಮೂವತ್ತು ವಯಸ್ಸು. ಐದು ವಿಶ್ವ ಚಿನ್ನ ಮನೆಯಲ್ಲಿವೆ. ಅಲ್ಲಿಗೇ ನಿಲ್ಲಿಸಿದ್ದರೂ ಅವಳ ಊರು ಅವಳನ್ನು ಸಾಯೋವರೆಗೂ ತಲೆ ಮೇಲೆ ಹೊತ್ತುಕೊಂಡಿರುತ್ತಿತ್ತು.

ಅವಳು ಅಮೆರಿಕದ ಕನೆಕ್ಟಿಕಟ್‌ಗೆ ಹೋದಳು. ರಾಸ್ ಎನಮೈಟ್ ಅನ್ನುವ ಹೊಸ ಕೋಚ್. ಮನೆಯಿಂದ, ಅಮ್ಮನಿಂದ, ಬ್ರೇಯಿಂದ ದೂರ. ಅಲ್ಲಿ ಎಲ್ಲವನ್ನೂ ಮತ್ತೆ ಮೊದಲಿಂದ ಕಲಿತಳು. ಇದನ್ನು ಸುಲಭವಾಗಿ ಬರೆದುಬಿಟ್ಟೆ. ಆದರೆ ಇಪ್ಪತ್ತು ವರ್ಷ ಕಾಲಿಗೆ ಕೂತ ಅಭ್ಯಾಸವನ್ನು ಬಿಡಿಸೋದು ಅಂದರೆ ಹಳೇ ಮನೆಯ ಗೋಡೆ ಒಡೆಯದೆ ವೈರ್ ಬದಲಾಯಿಸಿದ ಹಾಗೆ. ಹೊಸ ಮನೆಗೆ ವೈರಿಂಗ್ ಮಾಡೋದು ಎರಡು ವಾರದ ಕೆಲಸ. ಹಳೇ ಮನೆಯಲ್ಲಿ ಪೈಪ್ ಎಲ್ಲಿ ತಿರುಗಿದೆ, ಎಲ್ಲಿ ಕಟ್ಟಿಕೊಂಡಿದೆ ಗೊತ್ತಾಗೋದಿಲ್ಲ. ಒಂದೊಂದೇ ಎಳೆ ಎಳೆದು ನೋಡಬೇಕು.

ರಿಯೋ ಸೋಲು ಆಗಸ್ಟ್‌ನಲ್ಲಿ. ನವೆಂಬರ್ 26ಕ್ಕೆ ಲಂಡನ್‌ನ ವೆಂಬ್ಲಿಯಲ್ಲಿ ಮೊದಲ ಪ್ರೊಫೆಷನಲ್ ಬೌಟ್. ಮೂರನೇ ಸುತ್ತಿನಲ್ಲಿ ಮುಗಿಸಿದಳು. ಒಂದು ವರ್ಷದೊಳಗೆ ಏಳನೇ ಬೌಟ್, ಅದೇ ವಿಶ್ವ ಪಟ್ಟದ್ದು. 2017ರ ಅಕ್ಟೋಬರ್ 28, ಕಾರ್ಡಿಫ್. ಎದುರಾಳಿ ಅರ್ಜೆಂಟೀನಾದ ಅನಾಹಿ ಸಾಂಚೆಜ್. ಎರಡನೇ ಸುತ್ತಿನಲ್ಲಿ ಕೇಟಿಯ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಬೀಸಿದ ಹೊಡೆತ, ಪಕ್ಕೆಗೆ ಬಿತ್ತು. ಸಾಂಚೆಜ್ ಮಂಡಿಯೂರಿದಳು. ಆ ಒಂದು ಹೊಡೆತವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಲಂಡನ್ ಒಲಿಂಪಿಕ್ಸ್‌ನ ಕೇಟಿ ಆ ಹೊಡೆತ ಹೊಡೆಯುತ್ತಿರಲಿಲ್ಲ. ಪಕ್ಕೆಗೆ ಅಷ್ಟು ಭಾರ ಹಾಕಲು ಒಂದು ಕ್ಷಣ ನಿಲ್ಲಬೇಕು, ನಿಂತರೆ ಪಾಯಿಂಟ್ ಹೋಗುತ್ತಿತ್ತು. ಇಲ್ಲಿ ನಿಂತಳು. ಹತ್ತು ಸುತ್ತು ಮುಗಿಸಿ ಪಟ್ಟದ ಬೆಲ್ಟ್ ಗೆದ್ದಳು. ಅದೇ ವರ್ಷ ನನ್ನ ಮಗಳು ಅಟ್ಟದಿಂದ ಗ್ಲೌಸ್ ಇಳಿಸಿದ್ದು.

ಪ್ರೊಫೆಷನಲ್‌ನಲ್ಲಿ ದೊಡ್ಡ ಸಂಸ್ಥೆಗಳು ನಾಲ್ಕು, ಒಂದೊಂದಕ್ಕೂ ಒಂದೊಂದು ಬೆಲ್ಟ್. 2018ರಲ್ಲಿ ಎರಡನೆಯದು, 2019ರ ಮಾರ್ಚ್‌ನಲ್ಲಿ ಮೂರನೆಯದು ಬಂತು. ನಾಲ್ಕನೆಯದಕ್ಕೆ 2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ಬೆಲ್ಜಿಯಂನ ಡೆಲ್ಫಿನ್ ಪೆರ್ಸೂನ್ ಎದುರಾದಳು, ಅವಳು ಕೆಲಸದಲ್ಲಿ ಪೊಲೀಸ್. ಕೊನೆಯ ಸುತ್ತುಗಳಲ್ಲಿ ಕೇಟಿ ಏಟು ತಿಂದು ಮುಖ ಊದಿಕೊಂಡಿತ್ತು. ಒಬ್ಬ ಜಡ್ಜ್ ಸಮ ಅಂದ, ಇಬ್ಬರು 96–94 ಅಂತ ಕೇಟಿಗೆ ಕೊಟ್ಟರು. ಪೆರ್ಸೂನ್ ಗೆದ್ದಳು ಅಂತ ಎಷ್ಟೋ ಜನ ಹೇಳಿದರು. ನಾನೂ ಅವತ್ತು ಹಾಗೇ ಅಂದುಕೊಂಡೆ. ಇಷ್ಟದವಳು ಗೆದ್ದಳು ಅಂತ ಸುಳ್ಳು ಹೇಳಲಾಗೋದಿಲ್ಲ. ಮಾರನೇ ವರ್ಷ ಮತ್ತೆ ಆಡಿ, ಮೂರೂ ಜಡ್ಜ್‌ಗಳು ಒಪ್ಪುವ ಹಾಗೆ ಗೆದ್ದಳು. ಆಗ ನನಗೆ ಸಮಾಧಾನ ಆಯಿತು.

ನಮ್ಮ ಮನೆಯಲ್ಲಿ ಯಾರೂ ಮರೆಯದ ಬೆಳಗ್ಗೆ ಅಂದರೆ 2022ರ ಮೇ 1. ಭಾನುವಾರ. ನ್ಯೂಯಾರ್ಕ್‌ನಲ್ಲಿ ಶನಿವಾರ ರಾತ್ರಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೆಂಗಸರ ಬೌಟ್ ಮುಖ್ಯ ಬೌಟ್ ಆಗಿದ್ದು ಅದೇ ಮೊದಲು. 19,187 ಜನ ತುಂಬಿದ್ದರು. ಎದುರಿಗೆ ಪೋರ್ಟೊ ರಿಕೊದ ಅಮಾಂಡಾ ಸೆರಾನೊ, ಎಡಗೈಯವಳು, ಏಳು ತೂಕದ ವರ್ಗಗಳಲ್ಲಿ ಪಟ್ಟ ಗೆದ್ದವಳು. ನಾವು ಅಡುಗೆಮನೆ ಕಟ್ಟೆ ಮೇಲೆ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ ನೋಡುತ್ತಿದ್ದೆವು. ಹೆಂಡತಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಮಗಳಿಗೆ ಹದಿನೈದು.

ಐದನೇ ಸುತ್ತು. ಸೆರಾನೊ ಕೇಟಿಯನ್ನು ಮೂಲೆಗೆ ಒತ್ತಿಕೊಂಡು ಹೋದಳು. ಎಡಗೈ ಬಿತ್ತು, ಮತ್ತೆ ಬಿತ್ತು. ಕೇಟಿಯ ಮೂಗಲ್ಲಿ ರಕ್ತ. ಕಾಲು ತಡವರಿಸಿತು. ಮಗಳ ಕೈಯಲ್ಲಿ ರೊಟ್ಟಿ ತುಂಡು ಹಾಗೇ ಇತ್ತು, ಬಾಯಿಗೆ ಹೋಗಲಿಲ್ಲ. ಹೆಂಡತಿ “ನಿಲ್ಸೀ ಅಂತ ಹೇಳೋಕೆ ಯಾರೂ ಇಲ್ವೇನ್ರೀ?” ಅಂದಳು. ಕಾವಲಿ ಮೇಲಿನ ರೊಟ್ಟಿ ಸೀದು ಹೊಗೆ ಬಂತು. ಯಾರೂ ಏಳಲಿಲ್ಲ.

ಗಂಟೆ ಹೊಡೆಯಿತು. ಆಮೇಲೆ ನಡೆದಿದ್ದನ್ನು ನಾನು ನನ್ನ ಕಣ್ಣಿಗೆ ಕಂಡ ಹಾಗೆ ಹೇಳುತ್ತೇನೆ. ಆರನೇ ಸುತ್ತಿನಿಂದ ಕೇಟಿ ಕಾಲಿಗೆ ಮರಳಿದಳು. ಎರಡು ಹೊಡೆತ, ಪಕ್ಕಕ್ಕೆ ಹೆಜ್ಜೆ. ಮತ್ತೆ ಎರಡು, ಮತ್ತೆ ಹೆಜ್ಜೆ. ಸೆರಾನೊ ತಿರುಗುವ ಹೊತ್ತಿಗೆ ಅವಳು ಅಲ್ಲಿ ಇರುತ್ತಿರಲಿಲ್ಲ. ಅದು ಕನೆಕ್ಟಿಕಟ್‌ನಲ್ಲಿ ಕಲಿತಿದ್ದಲ್ಲ. ಬ್ರೇಯ ಕ್ಲಬ್‌ನಲ್ಲಿ, ಹುಡುಗರ ಮಧ್ಯೆ, ಕೂದಲು ಮುಚ್ಚಿಕೊಂಡು ಕಲಿತ ಕಾಲು. ಹತ್ತನೇ ಸುತ್ತಿನ ಕೊನೆಯಲ್ಲಿ ಮಾತ್ರ ಇಬ್ಬರೂ ನಿಂತು ಹೊಡೆದಾಡಿದರು. ಒಬ್ಬ ಜಡ್ಜ್ ಸೆರಾನೊಗೆ, ಇಬ್ಬರು ಕೇಟಿಗೆ ಕೊಟ್ಟರು.

ಮಗಳು ಆಗ ರೊಟ್ಟಿ ಬಾಯಿಗೆ ಇಟ್ಟುಕೊಂಡು ಒಂದು ಮಾತು ಹೇಳಿದಳು: “ಅಪ್ಪಾ, ಐದನೇ ರೌಂಡಲ್ಲಿ ಅವಳ ಕಾರ್ನರಲ್ಲಿ ಯಾರೂ ಕೂಗಾಡ್ಲಿಲ್ಲ ನೋಡು.” ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಿತ್ತು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 2023ರ ಮೇನಲ್ಲಿ ಡಬ್ಲಿನ್‌ನಲ್ಲಿ, ತನ್ನವರ ಮುಂದೆಯೇ, ಒಂದು ತೂಕದ ವರ್ಗ ಮೇಲೆ ಹೋಗಿ ಶಾಂಟೆಲ್ ಕ್ಯಾಮರೂನ್ ಎದುರು ಸೋತಳು. ಪ್ರೊಫೆಷನಲ್ ಆದ ಮೇಲೆ ಮೊದಲ ಸೋಲು. ಆರು ತಿಂಗಳಿಗೆ ಅದೇ ಊರಲ್ಲಿ ಅವಳನ್ನೇ ಸೋಲಿಸಿ ಆ ತೂಕದ ಬೆಲ್ಟ್‌ಗಳನ್ನೂ ತಗೊಂಡಳು. ಸೆರಾನೊ ಜೊತೆ 2024ರಲ್ಲಿ, 2025ರಲ್ಲಿ ಮತ್ತೆರಡು ಸಲ ಆಡಿ ಎರಡೂ ಗೆದ್ದಳು.

ಕಳೆದ ಮಾರ್ಚ್‌ನಲ್ಲಿ ಮಗಳು ಒಂದು ಬೌಟ್ ಸೋತಳು. ದೊಡ್ಡ ಕೂಟವೇನಲ್ಲ. ಮೂರು ಸುತ್ತೂ ನಾನು ಕಾರ್ನರ್‌ನಿಂದ ಕೂಗುತ್ತಲೇ ಇದ್ದೆ. ಜ್ಯಾಬ್, ಹೊರಗೆ ಬಾ, ಕೈ ಮೇಲೆ, ಹೊರಗೆ ಬಾ. ಅವಳು ಹೇಳಿದ ಹಾಗೇ ಮಾಡಿದಳು. ಎದುರಿನವಳು ಅಷ್ಟರಲ್ಲಿ ಅದನ್ನು ಓದಿಕೊಂಡಿದ್ದಳು. ಮಗಳು ಹೊರಗೆ ಬರುವ ದಾರಿಯಲ್ಲೇ ಕಾದು ಹೊಡೆಯುತ್ತಿದ್ದಳು. ನನಗೆ ಅದು ಕಂಡಿತು. ಏನು ಮಾಡಬೇಕು ಅಂತ ಹೇಳೋಕೆ ನನ್ನ ಹತ್ತಿರ ಬೇರೆ ಮಾತು ಇರಲಿಲ್ಲ.

ವಾಪಸ್ ಬರುವಾಗ ಮೆಟ್ರೊದಲ್ಲಿ ಇಬ್ಬರೂ ಮಾತಾಡಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನ್‌ಗೆ ಹೋಗಬೇಕು. ಎಸ್ಕಲೇಟರ್ ಮೇಲೆ ಅವಳು ಒಂದು ಮೆಟ್ಟಿಲು ಮೇಲೆ ನಿಂತಿದ್ದಳು, ಹಾಗಾಗಿ ಅವಳ ಮುಖ ನನ್ನ ಮುಖಕ್ಕಿಂತ ಎತ್ತರದಲ್ಲಿತ್ತು. ತಿರುಗಿ ನೋಡಿ ಮೆಲ್ಲಗೆ ಹೇಳಿದಳು: “ಅಪ್ಪಾ, ನೀನು ಹೇಳೋದೆಲ್ಲ ನಂಗೆ ಗೊತ್ತಾಗಿದೆ. ಗೊತ್ತಿಲ್ಲದ್ದನ್ನ ಹೇಳೋರು ಬೇಕು.” ಕಣ್ಣಲ್ಲಿ ನೀರಿತ್ತು. ಸೋತಿದ್ದಕ್ಕಲ್ಲ, ಆ ಮಾತು ಹೇಳಬೇಕಾಗಿ ಬಂದಿದ್ದಕ್ಕೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೀಟ್ ಟೇಲರ್ ನೆನಪಾದರು. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ. ಆದರೆ ಮಗಳ ಕಾಲನ್ನು ತಾನೇ ತಿದ್ದಿ ಬೆಳೆಸಿ, ಕಾರ್ಡಿಫ್‌ನಲ್ಲಿ ಅವಳು ಬೆಲ್ಟ್ ಎತ್ತುವಾಗ ಕಾರ್ನರ್‌ನಲ್ಲಿ ಇಲ್ಲದಿರೋದು ಅಂದರೆ ಹೇಗಿರಬಹುದು? ನನಗೆ ಅದನ್ನು ಯೋಚಿಸಿದರೇ ಎದೆ ಭಾರ ಆಗುತ್ತದೆ. ಕೇಟಿ ಪ್ರೊಫೆಷನಲ್ ಪಟ್ಟಕ್ಕೆ ಏರಿದ್ದನ್ನು ಎಲ್ಲರೂ ಬೆಲ್ಟ್ ಎಣಿಸಿ ಹೇಳುತ್ತಾರೆ. ನನಗೆ ಕಾಣೋದು ಬೇರೆ. ಗೆದ್ದಿದ್ದೆಲ್ಲವನ್ನೂ ಬದಿಗಿಟ್ಟು, ಗೊತ್ತಿಲ್ಲದವರ ಮುಂದೆ ಮೂವತ್ತರಲ್ಲಿ ಮತ್ತೆ ಹೊಸ ಹುಡುಗಿಯಾಗಿ ನಿಂತಳಲ್ಲ, ಅದು. ನನ್ನ ಮಗಳಿಗೆ ಹದಿನೆಂಟಕ್ಕೇ ಆ ಧೈರ್ಯ ಬಂದಿದೆ. ನಾನು ಅಡ್ಡ ನಿಲ್ಲೋದು ತಪ್ಪು.

ಹೊಸ ಕೋಚ್ ಸೇನೆಯಲ್ಲಿ ಬಾಕ್ಸಿಂಗ್ ಆಡಿ ನಿವೃತ್ತರಾದವರು. ಕೊಡಗಿನವರು. ಕೊಡಗಿಗೂ ಬಾಕ್ಸಿಂಗ್‌ಗೂ ಒಳ್ಳೆಯ ನಂಟಿದೆ. ನಮ್ಮ ಬಾಕ್ಸಿಂಗ್ ಕೋಚ್ ಸಿ.ಎ. ಕುಟ್ಟಪ್ಪನವರಿಗೆ 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದಾಗ ನಾವು ಹಳೇ ಗೆಳೆಯರು ಸೇರಿ ಗಾಂಧಿಬಜಾರ್‌ನಲ್ಲಿ ದೋಸೆ ತಿಂದು ಖುಷಿಪಟ್ಟಿದ್ದೆವು. ಮೊದಲ ದಿನ ನಾನೇ ಮಗಳನ್ನು ಕರೆದುಕೊಂಡು ಹೋದೆ. ಅವರು ಅವಳಿಗೆ ಶ್ಯಾಡೋ, ಅಂದರೆ ಎದುರಾಳಿ ಇಲ್ಲದೆ ಗಾಳಿಗೆ ಹೊಡೆಯೋದು, ಮಾಡಿಸಿ ಐದು ನಿಮಿಷ ಕಾಲನ್ನೇ ನೋಡಿದರು. “ಕಾಲು ಯಾರು ಕಲಿಸಿದ್ದು?” ಅಂತ ಕೇಳಿದರು. ಮಗಳು ನನ್ನ ಕಡೆ ಕೈ ತೋರಿಸಿದಳು. “ಕಾಲು ಮುಟ್ಟೋದಿಲ್ಲ. ಕೈ ಮಾತ್ರ ಬದಲಾಯಿಸ್ತೀನಿ” ಅಂದರು. ಆಮೇಲೆ ಅವಳನ್ನು ನಿಲ್ಲಿಸಿ ಹೊಟ್ಟೆಗೆ ಹೊಡೆಯೋದು ಹೇಗೆ ಅಂತ ಶುರುಮಾಡಿದರು. ನಾನು ಬಾಗಿಲ ಹತ್ತಿರ ಒಂದು ಗಂಟೆ ನಿಂತಿದ್ದೆ. ಸ್ವಿಚ್‌ಬೋರ್ಡಿನಲ್ಲಿ ಒಂದು ಸ್ಕ್ರೂ ಸಡಿಲ ಇತ್ತು, ಜೇಬಿನಲ್ಲಿದ್ದ ಟೆಸ್ಟರ್‌ನಿಂದ ಬಿಗಿಮಾಡಿ ಬಂದೆ.

ಈ ಜೂನ್‌ನಲ್ಲಿ ಅವಳ ಬೌಟ್ ಇತ್ತು. ನಾನು ಮೊದಲ ಸಲ ಗ್ಯಾಲರಿಯಲ್ಲಿ ಕೂತೆ. ಮೇಲಿನಿಂದ ರಿಂಗ್ ಇಷ್ಟು ಚಿಕ್ಕದಾಗಿ ಕಾಣುತ್ತದೆ ಅಂತ ಗೊತ್ತೇ ಇರಲಿಲ್ಲ. ಮೊದಲ ಸುತ್ತಿನಲ್ಲಿ ಅವಳು ಹಿಂದೆ ಹಿಂದೆ ಹೋಗುತ್ತಿದ್ದಳು. ಮೂರು ಹೊಡೆತ ಮುಖಕ್ಕೇ ಬಿದ್ದವು. ಗಂಟಲವರೆಗೆ ಮಾತು ಬಂತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮಂಡಿ ಮೇಲೆ ಕೈಯಿಟ್ಟಳು.

ಗಂಟೆ ಹೊಡೆಯಿತು. ಮಗಳು ಸ್ಟೂಲ್ ಮೇಲೆ ಕೂತಳು. ಕೋಚ್ ಅವಳ ಮುಂದೆ ಮಂಡಿಯೂರಿ, ಬೆರಳಿನಿಂದ ತಮ್ಮ ಪಕ್ಕೆ ಮುಟ್ಟಿ ತೋರಿಸಿ ಏನೋ ಹೇಳಿದರು. ಒಂದೇ ಮಾತು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಗ್ಯಾಲರಿ ಕಡೆ ಕಣ್ಣು ಹಾಯಿಸಲಿಲ್ಲ, ಒಂದು ಸಲವೂ. ನಾನು ಕೆಳಗೆ ನೋಡಿದೆ. ಎಂಟು ವರ್ಷದ ಅಭ್ಯಾಸ, ಗಂಟೆ ಹೊಡೆದ ತಕ್ಷಣ ನೀರಿನ ಬಾಟಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ.

ಎರಡನೇ ಸುತ್ತಿನ ಗಂಟೆ ಹೊಡೆಯಿತು. ಅವಳು ಎದ್ದಳು. ನಾನು ಬಾಟಲಿಗೆ ಮುಚ್ಚಳ ಹಾಕಿ ಕಾಲ ಬಳಿ ಇಟ್ಟೆ.